ತವರು ಮನೆಯ ನಕ್ಷೆ

ನಿಮ್ಮ ತವರು ಮನೆಯ ಪಡಸಾಲೆ ಎಷ್ಟು ಅಡಿ ಉದ್ದವಿದೆ? ಹೊರಗೋಡೆ ಎಷ್ಟು ದಪ್ಪವಿದೆ? ಅದೇ ಪಡಸಾಲೆಯಲ್ಲಿ ನೀವು ನಡೆಯಲು ಕಲಿತಿರಿ, ಅದೇ ಗೋಡೆಗೆ ಒರಗಿ ಯಸ್ಸರ್ನಲ್ ಕುರ್‌ಆನ್ ಓದಿದಿರಿ. ಆದರೂ ಈ ಪ್ರಶ್ನೆಗೆ ತಕ್ಷಣ ಉತ್ತರ ಹೇಳುವವರು ನಮ್ಮಲ್ಲಿ ಬಹಳ ಕಡಿಮೆ. ಎರಡು ವರ್ಷದ ಹಿಂದೆ ನಾನೂ ಹೇಳಬಲ್ಲವಳಾಗಿರಲಿಲ್ಲ.

ನಮ್ಮ ತವರು ಮನೆ ಇರುವುದು ಕಮಲಾಪುರದಲ್ಲಿ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಕಲಬುರಗಿಯಿಂದ ಹುಮನಾಬಾದ್ ಬಸ್ಸು ಹತ್ತಿದರೆ ಒಂದು ಗಂಟೆ ಹಿಡಿಯುತ್ತದೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದ್ ಪರಸಿ, ನಡುವೆ ಅಂಗಳ, ಅಂಗಳದಲ್ಲಿ ಬೇವಿನ ಮರ. ಅಬ್ಬಾ ತೀರಿಕೊಂಡ ಮೇಲೆ ಅಲ್ಲಿ ಅಮ್ಮಿ ಮತ್ತು ಚಿಕ್ಕ ತಮ್ಮನ ಸಂಸಾರ ಇದೆ. ಭಾಯಿಜಾನ್ ಮತ್ತು ನಾನು ಕಲಬುರಗಿಯಲ್ಲಿದ್ದೇವೆ. ಆಪಾ ಬೀದರಿನಲ್ಲಿ ಮದುವೆಯಾಗಿದ್ದಾರೆ. ಎಲ್ಲರಿಗಿಂತ ಕಿರಿಯ ತಂಗಿ ಗಂಡನನ್ನು ಕಳೆದುಕೊಂಡು, ಇಬ್ಬರು ಮಕ್ಕಳೊಂದಿಗೆ ಕಮಲಾಪುರದಲ್ಲೇ ಬಾಡಿಗೆ ಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಾಳೆ.

ಅಬ್ಬಾರ ಸಾಲ ತೀರಿಸಿದ ನಂತರ ಉಳಿದದ್ದು ಈ ಮನೆ ಒಂದೇ. ಒಂದು ದಿನ ಭಾಯಿಜಾನ್ ಹಕ್ಕು ಖುಲಾಸೆ ಪತ್ರದ ಕರಡು ತಂದರು. "ಬೀದಿ ಕಡೆಯ ಕೋಣೆ ನೀವು ಮೂವರು ಅಕ್ಕತಂಗಿಯರು ತಗೊಳ್ಳಿ. ಉಳಿದದ್ದು ನಮಗಿಬ್ಬರಿಗಿರಲಿ. ಅಮ್ಮಿ ಹೇಗೂ ನಮ್ಮ ಜೊತೆಗೇ ಇರ್ತಾರೆ" ಎಂದರು. ಭಾಯಿಜಾನ್ ಕೆಟ್ಟವರಲ್ಲ. ನನ್ನ ಬಿ.ಎ. ಶುಲ್ಕ ಕಟ್ಟಿದವರು ಅವರೇ. ಹೆಣ್ಣುಮಕ್ಕಳಿಗೆ ಒಂದು ಕೋಣೆ ಕೊಟ್ಟರೆ ಧಾರಾಳವಾಯಿತು ಎಂದೇ ಅವರು ನಂಬಿದ್ದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದೂ ಸಿಗುವುದಿಲ್ಲ. 'ಮಾಫ್ ಮಾಡಿದೆ' ಎಂದು ಹೇಳಿಸಿ ರುಜು ಹಾಕಿಸಿಕೊಳ್ಳುತ್ತಾರೆ.

ನಾನು ಮದ್ರಸದಲ್ಲಿ ಫರಾಯಿಝ್ ಓದಿದವಳು, ಈಗ ಹುಡುಗಿಯರಿಗೆ ಕಲಿಸುವವಳು. ನಮ್ಮ ಮನೆಯ ಲೆಕ್ಕ ಬೋರ್ಡಿನ ಮೇಲೆ ಎರಡು ನಿಮಿಷದ್ದು. ಮಕ್ಕಳಿರುವುದರಿಂದ ಅಮ್ಮಿಗೆ ಎಂಟನೇ ಒಂದು. ಉಳಿದ ಏಳು ಭಾಗದಲ್ಲಿ ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು. ಇಬ್ಬರು ಗಂಡು, ಮೂವರು ಹೆಣ್ಣು. ಏಳಕ್ಕೆ ಏಳೂ ಸರಿಹೋಯಿತು. ಒಟ್ಟು ಎಂಟು ಪಾಲು. ಸೂರಃ ಅನ್ನಿಸಾದ 7ನೇ ವಚನವು, ಬಿಟ್ಟುಹೋದದ್ದು ಅಲ್ಪವಾದರೂ ಸರಿ ಅದರಲ್ಲಿ ಹೆಣ್ಣಿಗೆ ಪಾಲುಂಟು ಎಂದು ನಿಗದಿಗೊಳಿಸುತ್ತದೆ. ಇಷ್ಟೆಲ್ಲ ಗೊತ್ತಿತ್ತು. ಆದರೆ ಯಾವುದರ ಎಂಟನೇ ಒಂದು? ಮನೆ ಎಷ್ಟು ದೊಡ್ಡದು ಎಂಬುದೇ ಯಾರಿಗೂ ಗೊತ್ತಿರಲಿಲ್ಲ. "ಮೊದಲು ಮನೆ ಅಳೆಯೋಣ ಭಾಯಿಜಾನ್. ರುಜು ಆಮೇಲೆ" ಎಂದೆ. ಅವರು ಸ್ವಲ್ಪ ಬೇಸರದಿಂದಲೇ ಒಪ್ಪಿದರು.

ಅಬ್ಬಾರ ಪೆಟ್ಟಿಗೆಯಲ್ಲಿ ಹಳೆಯ ಕ್ರಯಪತ್ರವಿತ್ತು. ಕಲಬುರಗಿ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತಲ್ಲ, ಆ ಕಾಲದ ಪತ್ರ, ಪೂರ್ತಿ ಉರ್ದುವಿನಲ್ಲಿ, ಒಂದಕ್ಷರ ಇನ್ನೊಂದಕ್ಕೆ ಅಂಟಿಕೊಂಡ ಶಿಕಸ್ತಾ ಬರಹದಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಅಣ್ಣತಮ್ಮಂದಿರಿಗೆ ಅದು ತಾಯಿತದಂತೆ ಪೂಜ್ಯವಾಗಿತ್ತೇ ಹೊರತು ಓದಲು ಬರುತ್ತಿರಲಿಲ್ಲ. ನಾನು ಕುಳಿತು ಬಿಡಿಸಿದೆ: ಅಗಲ 11 ಗಜ, ಉದ್ದ 17 ಗಜ. ಅಂದರೆ 33 ಅಡಿ, 51 ಅಡಿ. 1683 ಚದರ ಅಡಿ.

ಭಾಯಿಜಾನ್ ನಗರದ ಒಬ್ಬ ನಕ್ಷೆ ಬರೆಯುವವರನ್ನು ಕರೆತಂದರು. ಅವರು ಇಪ್ಪತ್ತು ನಿಮಿಷ ಮನೆಯೊಳಗೆ ಓಡಾಡಿ, ಪತ್ರದ ಅಂಕಿ ಕೇಳಿ ಬರೆದುಕೊಂಡು ಹೋದರು. ಮೂರು ದಿನಕ್ಕೆ ಆಟೋಕ್ಯಾಡಿನಲ್ಲಿ ಬರೆದ ಅಚ್ಚುಕಟ್ಟಾದ ಹಾಳೆ ಬಂತು. ಎಲ್ಲ ಮೂಲೆಗಳೂ ನೇರ, ಎಲ್ಲ ಗೋಡೆಗಳೂ ಒಂಬತ್ತು ಇಂಚು. ಅಮ್ಮಿ ನೋಡಿ, "ಇದು ಯಾರ ಮನೆ?" ಎಂದರು.

ಅಲ್ಲಿಂದ ನನ್ನ ಹುಡುಕಾಟ ಆರಂಭವಾಯಿತು. ನಕ್ಷೆ ಬರೆಯುವ ಸಾಫ್ಟ್‌ವೇರ್‌ಗಳು ಹತ್ತಾರಿವೆ. ಅವುಗಳಲ್ಲಿ ಹೆಚ್ಚಿನವು ಮುಂದೆ ಕಟ್ಟಬೇಕಾದ ಮನೆಗಾಗಿ ಮಾಡಿದವು. ಕಟ್ಟಲಿರುವ ಮನೆ ನಾವು ಹೇಳಿದಂತೆ ಕೇಳುತ್ತದೆ. ಕಟ್ಟಿ ಮುಗಿದ ಮನೆ ಕೇಳುವುದಿಲ್ಲ, ಅದು ಇದ್ದಂತೆಯೇ ಬರೆಯಬೇಕು. ಕೋಟೆಯೊಳಗಿನ ನಮ್ಮ ಜಾಮಿಯಾ ಮಸೀದಿಯನ್ನು ನೋಡಿದ್ದೀರಲ್ಲ, 1367ರಲ್ಲಿ ಕಟ್ಟಿದ್ದು, ಅಂಗಳವಿಲ್ಲದೆ ಪೂರ್ತಿ ಛಾವಣಿ ಇರುವಂಥದ್ದು. ಅದರ ಕಮಾನುಗಳು ಸಾಲುಸಾಲಾಗಿ ಒಂದೇ ಅಳತೆಯಲ್ಲಿವೆ. ಒಂದು ಅಂಕಣ ಬರೆದುಕೊಂಡರೆ ಕಂಪ್ಯೂಟರು ಸಾಲು ಪೂರ್ತಿ ನಕಲು ಮಾಡಿಕೊಡುತ್ತದೆ. ಕಮಲಾಪುರದ ನಮ್ಮ ಮನೆಯಲ್ಲಿ ಒಂದು ಕೋಣೆಯಂತೆ ಇನ್ನೊಂದಿಲ್ಲ!

ಆಟೋಕ್ಯಾಡ್ 1982ರಿಂದ ಇರುವ ಹೆಸರಾಂತ ಸಾಫ್ಟ್‌ವೇರ್. ಎಂಜಿನಿಯರುಗಳೆಲ್ಲ ಅದನ್ನೇ ಬಳಸುತ್ತಾರೆ. ಆದರೆ ಅದಕ್ಕೆ ಪ್ರತಿವರ್ಷ ಚಂದಾ ಕಟ್ಟಬೇಕು, ನಮ್ಮಂಥವರಿಗೆ ಎಟುಕದ ಮೊತ್ತ. ವಿದ್ಯಾರ್ಥಿಗಳಿಗೆ ಮತ್ತು ಶಿಕ್ಷಕರಿಗೆ ಕಲಿಕೆಗಾಗಿ ಉಚಿತವಾಗಿ ಕೊಡುತ್ತಾರೆ. ನನಗೂ ಒಮ್ಮೆ ಆಸೆಯಾಯಿತು. ಆದರೆ ಆಸ್ತಿ ಹಂಚುವುದು ಕಲಿಕೆಯಲ್ಲವಲ್ಲ. ಆಪಾಳ ಮಗ, "ಖಾಲಾ, ಕ್ರ್ಯಾಕ್ ಹಾಕಿಕೊಡ್ತೀನಿ, ಒಂದು ಪೈಸೆ ಬೇಡ" ಎಂದ. ತಂಗಿಯ ಹಕ್ಕು ಅಳೆಯಲು ಕದ್ದ ಅಳತೆಗೋಲು ಹಿಡಿಯಲೇ ಎಂದು ಕೇಳಿದಾಗ ಸುಮ್ಮನಾದ. ಪಾಪ, ಒಳ್ಳೆಯ ಹುಡುಗ. ಮುಂದೆ ಎಲ್ಲ ಉಚಿತ ಸಾಫ್ಟ್‌ವೇರ್‌ಗಳನ್ನು ಇಳಿಸಿಕೊಟ್ಟವನು ಅವನೇ.

ಫೋನಿನ ಕ್ಯಾಮೆರಾ ಹಿಡಿದು ಕೋಣೆಯ ಮೂಲೆಗಳನ್ನು ತೋರಿಸಿದರೆ ನಕ್ಷೆ ಮಾಡಿಕೊಡುವ ಮ್ಯಾಜಿಕ್‌ಪ್ಲಾನ್‌ನಂಥ ಆಪ್‌ಗಳಿವೆ. 2020ರ ನಂತರದ ಕೆಲವು ದುಬಾರಿ ಐಫೋನುಗಳಲ್ಲಿ ಲೈಡಾರ್ ಎಂಬ ಬೆಳಕಿನ ಅಳತೆಯ ಸಾಧನವೂ ಇದೆ. ಅಂಥ ಫೋನು ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಸಾಮಾನ್ಯ ಫೋನಿನಲ್ಲಿ ಪ್ರಯತ್ನಿಸಿದೆವು. ನಮ್ಮ ಒಳಕೋಣೆಗೆ ಬೆಳಕಿಂಡಿಯ ಬೆಳಕು ಮಾತ್ರ, ಮೂಲೆಗಳ ತುಂಬ ಕೌದಿ, ಪೆಟ್ಟಿಗೆ, ಜೋಳದ ಚೀಲ. ಮೂಲೆಯೇ ಕಾಣದಿದ್ದರೆ ಕ್ಯಾಮೆರಾ ಏನು ಮಾಡೀತು? ಒಂದೊಂದು ಗೋಡೆಗೂ ನಾಲ್ಕಾರು ಇಂಚು ಹೆಚ್ಚುಕಡಿಮೆ. ಇನ್ನೊಂದು ಮಾತು. ಹೆಣ್ಣುಮಕ್ಕಳು ಮಲಗುವ ಕೋಣೆಯ ಚಿತ್ರ ಯಾವ ಕಂಪೆನಿಯ ಕಂಪ್ಯೂಟರಿನಲ್ಲಿ ಹೋಗಿ ಕೂರುತ್ತದೆ ಎಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ? ಅನುಮತಿ ಪಡೆಯದೆ ಪರರ ಮನೆಯೊಳಗೆ ಕಾಲಿಡಬಾರದೆಂದು ಸೂರಃ ಅನ್ನೂರ್‌ನಲ್ಲಿ ಓದುವ ನಾವು, ಒಪ್ಪಿಗೆಯ ಗುಂಡಿಯನ್ನು ಓದದೆ ಒತ್ತುತ್ತೇವೆ. ನಕ್ಷೆಗೆ ಚಿತ್ರ ಬೇಕಿಲ್ಲ, ಅಂಕಿ ಸಾಕು.

ಫ್ಲೋರ್‌ಪ್ಲಾನರ್, ಸ್ಕೆಚ್‌ಅಪ್‌ನ ಉಚಿತ ಆವೃತ್ತಿ ಇವೆಲ್ಲ ಇಂಟರ್‌ನೆಟ್ ಇದ್ದರೆ ಮಾತ್ರ ನಡೆಯುವಂಥವು. ಕಮಲಾಪುರದ ಮನೆಯಲ್ಲಿ ಕುಳಿತು ಬರೆಯುವ ನನಗೆ ಅದು ಹೊಂದಲಿಲ್ಲ.

ಕೊನೆಗೆ ಎರಡು ಉಳಿದವು. ಎರಡೂ ಉಚಿತ, ಎರಡೂ ಹಳೆಯ ಲ್ಯಾಪ್‌ಟಾಪಿನಲ್ಲಿ ಇಂಟರ್‌ನೆಟ್ ಇಲ್ಲದೆ ನಡೆಯುತ್ತವೆ. ಒಂದು ಸ್ವೀಟ್ ಹೋಮ್ ತ್ರೀಡಿ, 2006ರಿಂದ ಇರುವಂಥದ್ದು. ಇದರಲ್ಲಿ ಮಂಚ, ಬಾಗಿಲು, ಒಲೆ ಎಲ್ಲವನ್ನೂ ಎಳೆದು ಇಡಬಹುದು, ಓದು ಬಾರದವರಿಗೂ ನಕ್ಷೆ ಅರ್ಥವಾಗುತ್ತದೆ. ಆದರೆ ಇದಕ್ಕೊಂದು ಚಟವಿದೆ. ಗೋಡೆ ಎಳೆಯುವಾಗ ಹದಿನೈದು ಡಿಗ್ರಿಯ ಲೆಕ್ಕದಲ್ಲಿ ತಾನೇ ನೇರ ಮಾಡಿಕೊಳ್ಳುತ್ತದೆ. ಈ ಗುಣಕ್ಕೆ ಮ್ಯಾಗ್ನೆಟಿಸಂ ಅಂದರೆ ಅಯಸ್ಕಾಂತ ಎಂದೇ ಹೆಸರು. ನಮ್ಮ ಗೋಡೆಯ ಓರೆ ಮೂರು ಡಿಗ್ರಿಯಷ್ಟೂ ಇಲ್ಲ. ಈ ಅಯಸ್ಕಾಂತ ಅದನ್ನು ಎಳೆದು ಸೊನ್ನೆ ಮಾಡಿಬಿಡುತ್ತದೆ. ಸೆಟ್ಟಿಂಗಿಗೆ ಹೋಗಿ ಅದನ್ನು ಆರಿಸಬೇಕು. ಗೋಡೆಯ ದಪ್ಪವನ್ನೂ ತೀರಾ ತೆಳ್ಳಗೆ ಕೊಡುತ್ತದೆ, ಅದನ್ನೂ ನಾವೇ ತಿದ್ದಬೇಕು.

ಇನ್ನೊಂದು ಲಿಬ್ರೆಕ್ಯಾಡ್. ನೋಡಲು ಒಣ, ಕಪ್ಪು ಹಲಗೆಯ ಮೇಲೆ ಗೆರೆಗಳು ಮಾತ್ರ. ಆದರೆ ಓರೆ ಮನೆಗೆ ಇದಕ್ಕಿಂತ ಪ್ರಾಮಾಣಿಕ ಸಾಧನ ನಾನು ಕಾಣಲಿಲ್ಲ. ಏಕೆಂದು ಹೇಳುತ್ತೇನೆ. ಕೋಣೆಯ ನಾಲ್ಕು ಗೋಡೆ ಅಳೆದರೆ ಕೋಣೆ ಗೊತ್ತಾಗುವುದಿಲ್ಲ. ಮಂಚದ ಚೌಕಟ್ಟು ಸಡಿಲವಾದಾಗ ನಾಲ್ಕು ಪಟ್ಟಿಯ ಉದ್ದ ಅಷ್ಟೇ ಇದ್ದರೂ ಮಂಚ ವಾಲುತ್ತದಲ್ಲ, ಹಾಗೆ. ಮೂಲೆಯಿಂದ ಎದುರು ಮೂಲೆಗೆ, ಎರಡೂ ಕಡೆ ಟೇಪು ಹಿಡಿಯಬೇಕು. ನಮ್ಮ ಪಡಸಾಲೆ 18 ಅಡಿಗೆ 12 ಅಡಿ. ಮೂಲೆ ನೇರವಿದ್ದರೆ ಎರಡು ಕರ್ಣಗಳೂ ಒಂದೇ ಇರಬೇಕು, 21 ಅಡಿ ಏಳೂವರೆ ಇಂಚಿನಷ್ಟು. ನಮಗೆ ಸಿಕ್ಕಿದ್ದು ಒಂದು ಕಡೆ 22 ಅಡಿ 1 ಇಂಚು, ಇನ್ನೊಂದು ಕಡೆ 21 ಅಡಿ 2 ಇಂಚು. ಲಿಬ್ರೆಕ್ಯಾಡಿನಲ್ಲಿ ಒಂದು ಗೋಡೆ ಎಳೆದು, ಅದರ ಒಂದು ತುದಿಯಿಂದ ಪಕ್ಕದ ಗೋಡೆಯಷ್ಟು, ಇನ್ನೊಂದು ತುದಿಯಿಂದ ಕರ್ಣದಷ್ಟು ಎರಡು ವೃತ್ತ ಎಳೆದರೆ, ಅವು ಕೂಡುವ ಬಿಂದುವೇ ಮೂರನೇ ಮೂಲೆ. ಮೊಳೆಗೆ ದಾರ ಕಟ್ಟಿ ಅಂಗಳದಲ್ಲಿ ಆಡಿದ ಆಟದ ಹಾಗೆಯೇ. ಅಡಿ ಇಂಚಿನ ಗೊಂದಲ ಬೇಡವೆಂದು ನಾನು ಎಲ್ಲವನ್ನೂ ಇಂಚಿಗೆ ತಿರುಗಿಸಿಕೊಂಡೆ. 33 ಅಡಿ ಎಂದರೆ 396 ಇಂಚು.

ಹೀಗೆ ಲಿಬ್ರೆಕ್ಯಾಡಿನಲ್ಲಿ ಎಲುಬಿನ ಗೂಡು ಬರೆದು, ಅದನ್ನು ಚಿತ್ರವಾಗಿ ಉಳಿಸಿ, ಸ್ವೀಟ್ ಹೋಮ್‌ನಲ್ಲಿ ಹಿನ್ನೆಲೆಯಾಗಿ ಹಾಕಿ ಅದರ ಮೇಲೆ ಗೋಡೆ ಬರೆದೆ. ಹಿನ್ನೆಲೆ ಚಿತ್ರದಲ್ಲಿ ಗೊತ್ತಿರುವ ಒಂದು ಗೋಡೆಯನ್ನು ತೋರಿಸಿ ಅದರ ಉದ್ದ ಹೇಳಿದರೆ ಸಾಕು, ಉಳಿದದ್ದಕ್ಕೆಲ್ಲ ಅದೇ ಪ್ರಮಾಣ ಹಿಡಿಯುತ್ತದೆ.

ಬರೆಯಲು ನನಗೆ ನಾಲ್ಕು ರಾತ್ರಿ ಹಿಡಿಯಿತು, ಅಳೆಯಲು ಎರಡು ಭಾನುವಾರ. 30 ಮೀಟರಿನ ಟೇಪು, ತಮ್ಮನ ಮಗಳು, ಮಾಳಿಗೆ ರಿಪೇರಿಗೆ ಬರುತ್ತಿದ್ದ ಹಳೆಯ ಗೌಂಡಿ. ಗೋಡೆಯ ಉದ್ದಕ್ಕೂ ಟೇಪು ಒಮ್ಮೆ ಹಾಸಿ, ಬಾಗಿಲು ಎಲ್ಲಿ ಶುರು, ಎಲ್ಲಿ ಮುಗಿಯಿತು, ಕಿಟಕಿ ಎಲ್ಲಿ ಎಂದು ಒಂದೇ ತುದಿಯಿಂದ ಬರೆದುಕೊಳ್ಳುತ್ತ ಹೋಗಬೇಕು. ತುಂಡುತುಂಡಾಗಿ ಅಳೆದು ಕೂಡಿಸಿದರೆ ತಪ್ಪೂ ಕೂಡುತ್ತ ಹೋಗುತ್ತದೆ. ಇದು ಮೊದಲ ಭಾನುವಾರ ಪೂರ್ತಿ ವ್ಯರ್ಥವಾದ ಮೇಲೆ ಕಲಿತ ಪಾಠ.

ಹಿಂದಿನ ಗೋಡೆ ಅಳೆದಾಗ ಎಲ್ಲರೂ ಮೌನವಾದೆವು. 30 ಅಡಿ 6 ಇಂಚು. ಮುಂದೆ 33, ಹಿಂದೆ ಎರಡೂವರೆ ಅಡಿ ಕಡಿಮೆ. ತಮ್ಮ ನೆರೆಯವರ ಗೋಡೆಯತ್ತ ನೋಡಿದ. ಗೌಂಡಿ ನಕ್ಕುಬಿಟ್ಟ. "ಯಾರೂ ಒತ್ತಿಲ್ಲರಿ. ಹಳಿ ಗ್ವಾಡಿ ಸೀದಾ ಇರಲ್ಲರಿ ಆಪಾ. ಕಟ್ಟಿದವರು ದಾರ ಹಿಡದಿಲ್ಲ, ಓಣಿ ಹಿಡದಾರ. ಓಣಿ ಹ್ಯಾಂಗ ತಿರಗ್ಯದ, ಗ್ವಾಡಿ ಹಂಗ ತಿರಗ್ಯದ" ಎಂದ. ಪತ್ರ ಬರೆದವರು ಮುಂಭಾಗ ಮಾತ್ರ ಅಳೆದು ಗುಣಿಸಿದ್ದಿರಬೇಕು. ನಿಜವಾದ ಅಳತೆ 1619 ಚದರ ಅಡಿ, ಪತ್ರಕ್ಕಿಂತ 64 ಕಡಿಮೆ. ನೇರ ಮೂಲೆಗಳ ಆ ಆಟೋಕ್ಯಾಡ್ ನಕ್ಷೆಯನ್ನು ನಂಬಿದ್ದರೆ ಇಲ್ಲದ 64 ಅಡಿಯನ್ನು ನಾವು ಯಾರೋ ಒಬ್ಬರ ಪಾಲಿಗೆ ಕಟ್ಟುತ್ತಿದ್ದೆವು. ಹೊರಗೋಡೆ ಎರಡು ಅಡಿ ದಪ್ಪ. ಆ ನಾಲ್ಕು ಗೋಡೆಗಳೇ ಸುಮಾರು 315 ಚದರ ಅಡಿ ನೆಲ ಹಿಡಿದಿದ್ದವು.

ಒಂದು ಪಾಲು ಈಗ 202 ಚದರ ಅಡಿ. ಅಮ್ಮಿಗೆ 202. ನಮಗೆ ಮೂವರಿಗೆ ಸೇರಿ 607. ಭಾಯಿಜಾನ್ ನಮಗೆ ಮೂವರಿಗೂ ಸೇರಿಸಿ ಕೊಡಲು ಹೊರಟಿದ್ದ ಬೀದಿ ಕೋಣೆ ಒಳಗಿನ ಅಳತೆಯಲ್ಲಿ 10 ಅಡಿಗೆ 12, ಬರೀ 120.

ಸಹೋದರಿಯರೇ, ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ನಕ್ಷೆ ಮುದ್ರಿಸಿಕೊಂಡು ಹೋಗಿ ಚಾಪೆಯ ಮೇಲೆ ಹಾಸಿ ನಾನು ಅಧಿಕಾರವಾಣಿಯಿಂದ ಹೇಳಿದೆ: "ತಂಗಿಗೆ ಈ ಕೋಣೆ ಬೇಕು, ಬೀದಿ ಕಡೆ ಬಾಗಿಲಿದೆ, ಹೊಲಿಗೆ ಅಂಗಡಿ ಇಡಬಹುದು. ಇದು 120. ಅವಳಿಗೆ ಬರಬೇಕಾದದ್ದು 202. ಇನ್ನು 82 ಅಡಿ ಬಾಕಿ, ಪಕ್ಕದ ಜಾಗವನ್ನೂ ಸೇರಿಸಿ ಕೊಡಿ." ಭಾಯಿಜಾನ್ ತಲೆ ತಗ್ಗಿಸಿದರು. ಆಗ ಬಾಗಿಲ ಬಳಿ ಕುಳಿತಿದ್ದ ಭಾಬಿ ಮೆಲ್ಲಗೆ ಕೇಳಿದರು, "ಮತ್ತೆ ಗೋಡೆ ಯಾರ ಪಾಲಿಗೆ?"

ನನ್ನ ಬಾಯಿ ಕಟ್ಟಿತು. ಸ್ವೀಟ್ ಹೋಮ್‌ನಲ್ಲಿ ಕೋಣೆಯೊಳಗೆ ಎರಡು ಸಲ ಕ್ಲಿಕ್ ಮಾಡಿದರೆ ಅದು ಗೋಡೆಯ ಒಳಗಿನ ವಿಸ್ತೀರ್ಣ ಹೇಳುತ್ತದೆ. 1619 ಎಂಬುದು ಗೋಡೆಗಳೂ ಸೇರಿದ ನೆಲದ ಅಳತೆ. ಕೊಡುವಾಗ ಒಂದು ಅಳತೆ, ಪಡೆಯುವಾಗ ಇನ್ನೊಂದು ಅಳತೆ ಹಿಡಿದಿದ್ದೆ. ಅಳೆಯುವಾಗ ಮೋಸ ಮಾಡುವವರ ಕುರಿತು ಸೂರಃ ಅಲ್ ಮುತಫ್ಫಿಫೀನ್ ಕಲಿಸುವವಳು ನಾನೇ! ತಂಗಿಯ ಮೇಲಿನ ಮಮತೆಯಿಂದ ಅಂಕಿ ನನಗೆ ಬೇಕಾದಂತೆ ಕಂಡಿತ್ತು. ಕೂಡಲೇ ಲ್ಯಾಪ್‌ಟಾಪ್ ತೆರೆದು, ಎರಡು ಹೊರಗೋಡೆ ಪೂರ್ತಿ, ಒಂದೂವರೆ ಅಡಿಯ ಎರಡು ಒಳಗೋಡೆಗಳಲ್ಲಿ ಅರ್ಧರ್ಧ ಸೇರಿಸಿದೆ. 188 ಚದರ ಅಡಿ ಬಂತು. ಬಾಕಿ 82 ಅಲ್ಲ, 14. ಭಾಬಿ ಏಳನೇ ತರಗತಿಯವರೆಗೆ ಓದಿದವರು. ಯಾವ ಸಾಫ್ಟ್‌ವೇರೂ ಕೇಳದ ಪ್ರಶ್ನೆಯನ್ನು ಅವರು ಕೇಳಿದರು.

ಒಂಬತ್ತನೇ ಶತಮಾನದ ಬಗ್ದಾದಿನ ಅಲ್ ಖ್ವಾರಿಝ್ಮಿ ನೆನಪಾದರು. ಬೀಜಗಣಿತಕ್ಕೆ ಆಲ್ಜೀಬ್ರಾ ಎಂಬ ಹೆಸರು ಬಂದದ್ದು ಅವರ ಕಿತಾಬಿನಿಂದ. ಆ ಕಿತಾಬಿನಲ್ಲಿ ನೆಲದ ಅಳತೆಗೆ ಒಂದು ಭಾಗವಿದೆ, ವಸಿಯ್ಯತ್ ಮತ್ತು ವಾರೀಸು ಪಾಲಿನ ಲೆಕ್ಕಕ್ಕೆ ಇನ್ನೊಂದು ದೊಡ್ಡ ಭಾಗವಿದೆ. ಕಂಪ್ಯೂಟರಿನವರು ಹೇಳುವ ಆಲ್ಗಾರಿದಮ್ ಎಂಬ ಪದವೂ ಅವರ ಹೆಸರಿನಿಂದಲೇ ಹುಟ್ಟಿದ್ದು. ನಮ್ಮ ಹುಡುಗಿಯರು ಮದ್ರಸದಲ್ಲಿ ಪಾಲಿನ ಲೆಕ್ಕವನ್ನೂ ಶಾಲೆಯಲ್ಲಿ ಕಂಪ್ಯೂಟರನ್ನೂ ಬೇರೆಬೇರೆಯಾಗಿ ಕಲಿಯುತ್ತಾರೆ. ಅವೆರಡೂ ಒಬ್ಬನೇ ವ್ಯಕ್ತಿಯ ಮೇಜಿನ ಮೇಲಿದ್ದವು ಎಂದು ನಾವು ಹೇಳಿಕೊಡುವುದೇ ಇಲ್ಲ.

ಚದರ ಅಡಿಯೊಂದೇ ಸಾಲದು ಎಂಬುದೂ ನಿಜ. ಬೀದಿ ಕಡೆಯ ಅಡಿಗೂ ಹಿತ್ತಿಲ ಕಡೆಯ ಅಡಿಗೂ ಬೆಲೆ ಬೇರೆ. ಅದಕ್ಕಾಗಿ ಊರಿನ ಇಬ್ಬರು ಹಿರಿಯರನ್ನು ಕೂರಿಸಿ ಬೆಲೆ ಕಟ್ಟಿಸಿದೆವು. ಅದರಂತೆ ತಂಗಿಗೆ ಕೋಣೆ ಸಿಕ್ಕಿತು. ಅಳತೆಯಲ್ಲಿ ಕಡಿಮೆ ಬಿದ್ದ 14 ಅಡಿಯನ್ನು ಬೀದಿ ಬೆಲೆಗೆ ಹೊಂದಿಸಿ ಬಿಟ್ಟುಬಿಡಲು ಅವಳೇ ಒಪ್ಪಿದಳು. ಆಪಾಗೂ ನನಗೂ ಭಾಯಿಜಾನ್ ಎರಡು ವರ್ಷದಲ್ಲಿ ಕಂತಿನಲ್ಲಿ ಹಣ ಕೊಡುತ್ತಾರೆ. "ನಿನ್ನದನ್ನು ತಂಗಿಗೇ ಕೊಟ್ಟುಬಿಡು" ಎಂದು ಕೆಲವರು ಹೇಳಿದರು. ಮೊದಲು ನನ್ನ ಕೈಗೆ ಬರಲಿ, ಕೊಡುವುದು ಬಿಡುವುದು ಆಮೇಲಿನ ಮಾತು.

ನಿಮಗೊಂದು ಎಚ್ಚರಿಕೆ ಹೇಳಬೇಕು. ನಾವು ಬರೆದ ನಕ್ಷೆ ಮನೆಯವರ ಮಾತುಕತೆಗೆ ಮಾತ್ರ. ನೋಂದಣಿ ಮಾಡಿಸುವಾಗ ಪರವಾನಗಿ ಇರುವ ಸರ್ವೇಯರೋ ಎಂಜಿನಿಯರೋ ಅಳೆದು ರುಜು ಹಾಕಬೇಕು. ಸರ್ಕಾರ 2020ರಲ್ಲಿ ಆರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಮನೆಗಳನ್ನು ಡ್ರೋನ್ ಹಾರಿಸಿ ಗುರುತಿಸುತ್ತಾರೆ. ಅದು ಮಾಳಿಗೆಯನ್ನು ಕಾಣುತ್ತದೆ, ಒಳಗಿನ ಗೋಡೆಯನ್ನಲ್ಲ.

ಅಂದು ಎಲ್ಲರೂ ಎದ್ದ ಮೇಲೆ ಅಮ್ಮಿ ಹಾಳೆಯನ್ನು ಹತ್ತಿರ ಎಳೆದುಕೊಂಡರು. ಅಂಗಳದ ಮರವನ್ನು ಗುರುತಿಸಿದರು. ಸಾಫ್ಟ್‌ವೇರಿನಲ್ಲಿ ಬೇವು ಇರಲಿಲ್ಲ, ಯಾವುದೋ ಮರ ಇಟ್ಟಿದ್ದೆ. ನೀರಿನ ಹೌದು, ಒಲೆ, ತಮ್ಮ ಮಂಚ ಎಲ್ಲದರ ಮೇಲೂ ಬೆರಳಾಡಿಸಿದರು. ಆಮೇಲೆ ಒಳಕೋಣೆಯ ಪಶ್ಚಿಮದ ಮೂಲೆಯಲ್ಲಿ ಬೆರಳು ನಿಂತಿತು. "ಇಲ್ಲಿ ಅಲಮಾರು ಇಟ್ಟಿದ್ದೀಯಲ್ಲ. ನಾನು ನಮಾಝ್ ಮಾಡೋದೆಲ್ಲಿ?"

ಮನೆಯಲ್ಲಿ ಅಲಮಾರು ಆ ಮೂಲೆಯಲ್ಲಿರಲಿಲ್ಲ. ಖಾಲಿ ಕಂಡದ್ದಕ್ಕೆ ನಾನೇ ಇಟ್ಟಿದ್ದೆ. ಅಲ್ಲೇ ಕುಳಿತು ಅದನ್ನು ತೆಗೆದು, ಜಾನಮಾಝಿನಷ್ಟು ಅಗಲದ ಒಂದು ಚಾಪೆ ಇಟ್ಟೆ, ಎರಡು ಅಡಿಗೆ ನಾಲ್ಕು. ಅದು ಅವರ ಪಾಲಿನ 202ರೊಳಗೇ ಬರುವಂತೆ ಗೆರೆ ಎಳೆದೆ. ಸರ್ವೇಯರು ಮುಂದಿನ ತಿಂಗಳು ಬರುತ್ತಾರೆ. ಟೇಪನ್ನು ಅಮ್ಮಿಯ ಪೆಟ್ಟಿಗೆಯಲ್ಲಿ, ಉರ್ದು ಕ್ರಯಪತ್ರದ ಜೊತೆ ಇಟ್ಟು ಬಂದಿದ್ದೇನೆ.